ನಿಂತುಹೋದ ಹಳೆಯ ಸರ್ಫೇಸ್ ಪ್ಲೇನರನ್ನು ಬಿಚ್ಚುವ ಮೊದಲು

ವರ್ಷಗಟ್ಟಲೆ ಮೂಲೆಯಲ್ಲಿದ್ದ ಎರಕದ ಕಬ್ಬಿಣದ ಸರ್ಫೇಸ್ ಪ್ಲೇನರ್ (ಮರದ ಹಲಗೆಯ ಮೈಯನ್ನು ಹೆರೆದು ಸಮತಟ್ಟು ಮಾಡುವ ಯಂತ್ರ) ಒಂದು ನಿಮ್ಮ ಕೈಸೇರಿದೆ, ಸ್ವಿಚ್ ಹಾಕಿದರೆ ಮೋಟರ್ ಗುಂಯ್‌ಗುಡುತ್ತದೆಯೇ ಹೊರತು ತಿರುಗುವುದಿಲ್ಲ, ಮೇಜಿನ ತುಂಬ ತುಕ್ಕು ಹಿಡಿದಿದೆ. ಎಲ್ಲವನ್ನೂ ಬಿಚ್ಚಿ ತೊಳೆದು ಬಣ್ಣ ಹಚ್ಚುವುದರಿಂದ ಆರಂಭಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ದೋಷ ಎಲ್ಲಿದೆ ಎಂಬುದನ್ನು ಯಂತ್ರ ಇಡಿಯಾಗಿರುವಾಗ ಪತ್ತೆ ಮಾಡುವುದು ಸುಲಭ. ಭಾಗಗಳನ್ನೆಲ್ಲ ನೆಲದ ಮೇಲೆ ಹರಡಿದ ಮೇಲೆ ಯಾವುದು ಬಿಗಿಯಾಗಿತ್ತು, ಯಾವುದು ಸಡಿಲವಾಗಿತ್ತು ಎಂದು ಹೇಳಲು ಬರುವುದಿಲ್ಲ.

ಮೊದಲು ಪ್ಲಗ್ ಕಿತ್ತು, ಬೆಲ್ಟ್ ಕಳಚಿ, ಮೋಟರಿನ ಪುಲ್ಲಿಯನ್ನೂ ಕಟರ್ ಬ್ಲಾಕಿನ (ಅಲಗುಗಳನ್ನು ಹೊತ್ತು ತಿರುಗುವ ಉರುಳೆಯ) ಪುಲ್ಲಿಯನ್ನೂ ಬೇರೆಬೇರೆಯಾಗಿ ಕೈಯಿಂದ ತಿರುಗಿಸಿ ನೋಡಿ. ಯಾವುದು ಬಿಗಿಯಾಗಿದೆಯೋ ಅದರ ಬೇರಿಂಗನ್ನು ಅನುಮಾನಿಸಬೇಕು. ಎರಡೂ ಸಲೀಸಾಗಿ ತಿರುಗಿದರೆ, ಸಿಂಗಲ್ ಫೇಸ್ ಮೋಟರಾಗಿದ್ದಲ್ಲಿ, ದೋಷ ಹೆಚ್ಚಾಗಿ ಅದನ್ನು ಹೊರಡಿಸುವ ವ್ಯವಸ್ಥೆಯಲ್ಲಿರುತ್ತದೆ. ಇಂಥ ಮೋಟರುಗಳಲ್ಲಿ ಬಹಳಷ್ಟಕ್ಕೆ ಹೊರಡುವುದಕ್ಕೆಂದೇ ಇನ್ನೊಂದು ಸುರುಳಿಯೂ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರೂ ಇರುತ್ತವೆ. ವೇಗ ಸುಮಾರು ಮುಕ್ಕಾಲು ಪಾಲು ತಲುಪಿದಾಗ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಅವೆರಡನ್ನೂ ಕರೆಂಟಿನಿಂದ ಬೇರ್ಪಡಿಸುತ್ತದೆ. ನನ್ನ ಯಂತ್ರಕ್ಕೆ ನಾನು ಎರಡು ಬಾರಿ ಹೊಸ ಕೆಪಾಸಿಟರ್ ಹಾಕಿಯೂ ಅದು ಗುಂಯ್‌ಗುಡುವುದು ನಿಲ್ಲಲಿಲ್ಲ. ಕೊನೆಗೆ ಹಿಂಬದಿಯ ಮುಚ್ಚಳ ತೆಗೆದಾಗ, ಆ ಸ್ವಿಚ್ಚಿನಲ್ಲಿ ಒಂದಕ್ಕೊಂದು ತಾಗಿ ಕರೆಂಟ್ ಹರಿಸುವ ಎರಡು ಬೊಟ್ಟುಗಳ ನಡುವೆ ಒಂದು ಚಿಟಿಕೆಯಷ್ಟು ಮರದ ಹುಡಿ ಹಳೆಯ ಗ್ರೀಸಿನೊಂದಿಗೆ ಬೆರೆತು ಕಪ್ಪು ಹೆಂಟೆಯಾಗಿ ಕೂತಿತ್ತು. ಅದನ್ನು ಕೆರೆದು, ಬೊಟ್ಟುಗಳನ್ನು ನಯವಾದ ಎಮರಿ ಕಾಗದದಿಂದ ಉಜ್ಜಿದ ಮೇಲೆ ಮೋಟರ್ ಒಂದೇ ಸಲಕ್ಕೆ ಹೊರಟಿತು. ಕೆಪಾಸಿಟರನ್ನು ಮುಟ್ಟುವ ಮೊದಲು ರೆಸಿಸ್ಟರ್ ಮೂಲಕ ಅದರ ವಿದ್ಯುತ್ತನ್ನು ಇಳಿಸಿ, ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. ತಿರುಗದ ಮೋಟರಿಗೆ ಕೆಲವು ಕ್ಷಣಕ್ಕಿಂತ ಹೆಚ್ಚು ಕರೆಂಟ್ ಕೊಟ್ಟರೆ ಸುರುಳಿಯೇ ಸುಡುತ್ತದೆ.

ಬೇರಿಂಗ್ ಬದಲಿಸಬೇಕಾದರೆ ಅದರ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 6204 ಎಂದಿದ್ದರೆ ಕೊನೆಯ ಎರಡಂಕಿಯನ್ನು 5ರಿಂದ ಗುಣಿಸಿದಾಗ ಒಳವ್ಯಾಸ 20 ಮಿ.ಮೀ. ಎಂದು ಸಿಗುತ್ತದೆ, ಕೊನೆಯ ಎರಡಂಕಿ 00ರಿಂದ 03ರವರೆಗೆ ಇದ್ದರೆ ಈ ಲೆಕ್ಕ ಹೊಂದುವುದಿಲ್ಲ, ಉದಾಹರಣೆಗೆ 6203ರ ಒಳವ್ಯಾಸ 17 ಮಿ.ಮೀ. ಹುಡಿ ತುಂಬಿದ ಜಾಗಕ್ಕೆ ಎರಡೂ ಬದಿ ರಬ್ಬರ್ ಸೀಲ್ ಇರುವುದೇ ಒಳ್ಳೆಯದು. ಶಾಫ್ಟಿಗೆ ಕೂರಿಸುವಾಗ ಒಳಬಳೆಯನ್ನು ಮಾತ್ರ ಒತ್ತಬೇಕು. ಹೊರಬಳೆಗೆ ಸುತ್ತಿಗೆ ಬಿದ್ದರೆ ಗುಂಡುಗಳು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಮೂಡಿ, ಹೊಸ ಬೇರಿಂಗ್ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ.

ಮೇಜಿನ ತುಕ್ಕಿಗೆ ಸೀಮೆಎಣ್ಣೆ, ಚೂಪಾದ ಹೆರೆಯುವ ಪಟ್ಟಿ, ಕೊನೆಗೆ ಮೇಣ ಸಾಕು. ಬಣ್ಣದ ಕೆಲಸ ಕಟ್ಟಕಡೆಗಿರಲಿ; ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣದಾಗಿ ಉಜ್ಜದೆ, ಒದ್ದೆ ಮಾಡಿ ಕೆರೆಯಿರಿ.

ಯಂತ್ರ ತಿರುಗಿದ ಮೇಲೆ ಮರ ಹೊರಬರುವ ಕಡೆಯ ಮೇಜನ್ನು ಅಲಗಿನ ಎತ್ತರಕ್ಕೆ ಹೊಂದಿಸಬೇಕು. ಆ ಮೇಜಿಗಿಂತ ಅಲಗು ಎತ್ತರವಾಗಿದ್ದರೆ ಹಲಗೆಯ ಕೊನೆಯಲ್ಲಿ ತಗ್ಗು ಬೀಳುತ್ತದೆ. ಅಲಗು ಕೆಳಗಿದ್ದರೆ ಹಲಗೆ ಮೇಜಿನ ಅಂಚಿಗೆ ಬಡಿದು ನಿಲ್ಲುತ್ತದೆ. ಪ್ಲಗ್ ಕಿತ್ತಿರುವಾಗಲೇ ನೇರವಾದ ಮರದ ಪಟ್ಟಿಯೊಂದನ್ನು ಆ ಮೇಜಿನ ಮೇಲಿಂದ ಅಲಗಿನ ಮೇಲಕ್ಕೆ ಚಾಚುವಂತೆ ಇಟ್ಟು, ಮೇಜಿನ ಅಂಚು ಸೇರುವಲ್ಲಿ ಪೆನ್ಸಿಲ್ ಗುರುತು ಹಾಕಿ, ಪುಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ. ಅಲಗು ಪಟ್ಟಿಯನ್ನು ಹಗುರವಾಗಿ ಎತ್ತಿ ಸುಮಾರು 3 ಮಿ.ಮೀ. ಎಳೆದೊಯ್ದರೆ ಎತ್ತರ ಸರಿಯಿದೆ. ಪ್ರತಿ ಅಲಗನ್ನೂ ಎರಡೂ ತುದಿಗಳಲ್ಲಿ ಹೀಗೆಯೇ ಪರೀಕ್ಷಿಸಿ, ಎಲ್ಲ ಕಡೆಯೂ ಒಂದೇ ಅಳತೆ ಬರುವವರೆಗೆ ಹೊಂದಿಸಿ.