ಸಂಪಾದಕರ ಉತ್ತರ: ಪರದೆಯ ಹಿಂದಿನ ಮಗು

ಪ್ರಿಯ ಓದುಗರೇ,

ಅಮೆರಿಕದ ಕಾದಂಬರಿಕಾರ ವಿಲಿಯಂ ಫಾಕ್ನರ್ ಅವರ ‘ಲೈಟ್ ಇನ್ ಆಗಸ್ಟ್’ (1932) ಕಾದಂಬರಿಯನ್ನು ಮನೋವಿಶ್ಲೇಷಣೆಯ ಕಣ್ಣಿನಿಂದ ನೋಡಿದ ನಮ್ಮ ಕಳೆದ ಸಂಚಿಕೆಯ ಲೇಖನಕ್ಕೆ ನಿಮ್ಮ ಆಕ್ಷೇಪ ತಲುಪಿದೆ. ಕಾನೂನು, ಕೋವಿ, ನೇಣುಹಗ್ಗ ಹಿಡಿದು ನಿಂತ ವರ್ಣದ್ವೇಷವನ್ನು ಒಬ್ಬನ ಬಾಲ್ಯದ ಗಾಯವಾಗಿಸಿದರೆ ಅಪರಾಧವನ್ನು ಕಾಯಿಲೆಯೆಂದು ಕರೆದಂತಲ್ಲವೇ ಎಂದು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ. ಆದರೂ ನಾನು ಲೇಖಕಿಯ ಪರ.

ಅನಾಥಾಲಯದ ದೃಶ್ಯವನ್ನು ಇನ್ನೊಮ್ಮೆ ಓದಿ. ಕಾದಂಬರಿಯ ನಾಯಕ, ಐದು ವರ್ಷದ ಜೋ ಕ್ರಿಸ್‌ಮಸ್, ಊಟದ ಉಸ್ತುವಾರಿಯ ಹೆಂಗಸಿನ ಕೋಣೆಗೆ ನುಸುಳಿ ಅವಳ ಗುಲಾಬಿ ಬಣ್ಣದ ಸಿಹಿ ಟೂತ್‌ಪೇಸ್ಟ್ ತಿನ್ನುತ್ತಿರುತ್ತಾನೆ. ಅವಳು ಪ್ರಿಯಕರನೊಡನೆ ಬಂದಾಗ ಪರದೆಯ ಹಿಂದೆ ಅವಿತುಕೊಳ್ಳುತ್ತಾನೆ. ಅಲ್ಲಿ ನಡೆಯುವುದು ಅವನಿಗೆ ಅರ್ಥವಾಗುವುದಿಲ್ಲ. ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಅವಳು ಅವನನ್ನು ದರದರ ಎಳೆದು, ಕರಿಯರನ್ನು ಹೀನಾಯಿಸುವ ಪದದಿಂದ ಬೈಯುತ್ತಾಳೆ. ಸಿಹಿ, ಹೆಣ್ಣು, ಓಕರಿಕೆ, ಬೈಗುಳ ಎಲ್ಲವೂ ಒಂದೇ ಗಂಟಾಗುತ್ತವೆ. ಮಗು ಹೊಡೆತಕ್ಕಾಗಿ ಕಾಯುತ್ತದೆ, ಅದಾದರೆ ಲೆಕ್ಕ ಚುಕ್ತಾ. ಅವಳು ಬಾಯಿ ಮುಚ್ಚಿಸಲು ಒಂದು ಡಾಲರ್ ನಾಣ್ಯ ಚಾಚುತ್ತಾಳೆ.

ಎಳವೆಯಲ್ಲಿ ಅರ್ಥವಾಗದೆ ಉಳಿದದ್ದು ವರ್ಷಗಳಾದ ಮೇಲೆ ಅರ್ಥ ಪಡೆದು ಕಾಡುತ್ತದೆ ಎಂದು ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್ ಹೇಳಿದ್ದರು. ದೊಡ್ಡವನಾದ ಜೋ, ತನ್ನ ಬಿಳಿಯ ಪ್ರೇಯಸಿ ಜೊವಾನಾ ಬರ್ಡನ್ ಅಡುಗೆಮನೆಯಲ್ಲಿ ಇಟ್ಟ ಊಟದ ಪಾತ್ರೆಗಳನ್ನು ಒಂದೊಂದಾಗಿ ಗೋಡೆಗೆ ಎಸೆಯುತ್ತಾನೆ. ಮತ್ತೆ ಅನ್ನ, ಮತ್ತೆ ಹೆಣ್ಣು. ಮನಸ್ಸಿನಲ್ಲಿ ಅದೇ ಪದ, ಈಗ ತನಗೆ ತಾನೇ ಹೇಳಿಕೊಂಡದ್ದು. ನೋಡಲು ಬಿಳಿಯನಂತಿರುವ ಅವನಲ್ಲಿ ಕರಿಯರ ರಕ್ತವಿದೆಯೇ ಎಂಬುದನ್ನು ಕಾದಂಬರಿ ಕೊನೆಯವರೆಗೂ ಖಚಿತಪಡಿಸುವುದಿಲ್ಲ. ಅವನ ವರ್ಣ ಇರುವುದು ಊರವರ ಬಾಯಲ್ಲಿ, ಅವನ ಹೊಟ್ಟೆಯ ಸಂಕಟದಲ್ಲಿ. ಕಾನೂನು ಮೈಯೊಳಗೆ ಇಳಿಯುವ ಈ ದಾರಿಯನ್ನು ಕಾನೂನಿನ ಪುಸ್ತಕ ತೋರಿಸಲಾರದು.

ಮಾರ್ಟಿನಿಕ್‌ನಲ್ಲಿ ಹುಟ್ಟಿದ ಮನೋವೈದ್ಯ ಫ್ರಾಂಟ್ಜ್ ಫೆನನ್ ನಿಮ್ಮ ಅನುಮಾನವನ್ನು 1952ರಲ್ಲೇ ‘ಬ್ಲ್ಯಾಕ್ ಸ್ಕಿನ್, ವೈಟ್ ಮಾಸ್ಕ್ಸ್’ ಪುಸ್ತಕದಲ್ಲಿ ಎತ್ತಿದ್ದರು. ಫ್ರಾಯ್ಡ್ ವ್ಯಕ್ತಿಯ ಚರಿತ್ರೆಯನ್ನು ನೋಡಿದರು, ಆದರೆ ಕರಿಯನ ವೇದನೆಗೆ ಸಮಾಜದಲ್ಲೂ ಮೂಲವಿದೆ ಎಂಬುದು ಫೆನನ್ ವಾದ. ಹಾಗೆಂದು ಮನೋವಿಶ್ಲೇಷಣೆಯನ್ನು ಬಿಸಾಡಲಿಲ್ಲ. ತಮ್ಮ ಕಪ್ಪು ಮೈಬಣ್ಣ ಕಂಡು ಹೆದರಿ ತಾಯಿಯ ತೆಕ್ಕೆಗೆ ಬಿದ್ದ ಬಿಳಿಯ ಮಗುವಿನ ಕಥೆಯನ್ನು ಅದೇ ಪುಸ್ತಕದಲ್ಲಿ ಬರೆದರು.

ಒಂದು ಮಾತಿನಲ್ಲಿ ಮಾತ್ರ ನಿಮ್ಮ ಆಕ್ಷೇಪ ಗೆದ್ದಿದೆ. ಊರಿನ ಬಿಳಿಯ ಯುವಕ ಪರ್ಸಿ ಗ್ರಿಮ್, ಜೊವಾನಾಳ ಕೊಲೆಯ ಆರೋಪ ಹೊತ್ತ ಜೋನನ್ನು ಗುಂಡಿಕ್ಕಿ ಕೆಡವಿ, ಕಸಾಯಿ ಕತ್ತಿಯಿಂದ ಅವನ ಪುರುಷತ್ವವನ್ನೇ ಕತ್ತರಿಸಿದ್ದಕ್ಕೆ ಲೇಖನದಲ್ಲಿ ಒಂದೇ ವಾಕ್ಯವಿತ್ತು. ಅದನ್ನು ಹಿಗ್ಗಿಸಲು ನಾನು ಕೇಳಬೇಕಿತ್ತು. ಸತ್ತವನ ಮನಸ್ಸನ್ನಷ್ಟೇ ಬಗೆದರೆ ಸಾಲದು, ಕತ್ತಿ ಹಿಡಿದವನು ಯಾವುದಕ್ಕೆ ಅಷ್ಟು ಹೆದರಿದ್ದ ಎಂದೂ ಕೇಳಬೇಕು. ನೀವೇ ಬರೆದು ಕಳುಹಿಸಿ, ಪುಟ ಕಾದಿರಿಸುತ್ತೇನೆ.

— ಸಂಪಾದಕ