ಏರ್ ಪಿಸ್ತೂಲ್: ಗುರಿ ತಪ್ಪುವುದು ಎಲ್ಲಿ, ಎಷ್ಟು?

ಪ್ರಶ್ನೆ: ಹತ್ತು ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಶುರುಮಾಡಿ ಎಂಟು ತಿಂಗಳಾಯಿತು. ವಾರಕ್ಕೆ ಮೂರು ದಿನ ರೇಂಜಿಗೆ ಹೋಗುತ್ತೇನೆ. 60 ಹೊಡೆತಕ್ಕೆ 510ರ ಆಸುಪಾಸಿನಲ್ಲೇ ನಿಂತಿದ್ದೇನೆ, ಒಮ್ಮೊಮ್ಮೆ 502ಕ್ಕೂ ಇಳಿಯುತ್ತದೆ. ಕ್ಲಬ್ಬಿನ ಹಳೆಯ ಪಿಸ್ತೂಲ್ ಬಿಟ್ಟು ದುಬಾರಿಯದೊಂದು ಕೊಂಡರೆ 560 ಮುಟ್ಟಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದುಡ್ಡು ಬಿಚ್ಚುವ ಮೊದಲು ಒಂದು ಲೆಕ್ಕ ನೋಡಿ. ಗುರಿಯ ಕಾರ್ಡಿನ ನಡುವೆ ಇರುವ, ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ., ಪೆಲೆಟ್ಟಿನದು (ಪಿಸ್ತೂಲಿನಿಂದ ಹಾರುವ ಸೀಸದ ಗುಂಡು) 4.5 ಮಿ.ಮೀ. ಪೆಲೆಟ್ಟಿನ ಅಂಚು ಗೆರೆಗೆ ತಾಗಿದರೂ ಆ ಅಂಕ ನಿಮ್ಮದೇ. ಹಾಗಾಗಿ ತೂತಿನ ನಡುಬಿಂದು ಕೇಂದ್ರದಿಂದ 8 ಮಿ.ಮೀ. ಒಳಗಿದ್ದರೆ ಹತ್ತು, 16ರ ಒಳಗಿದ್ದರೆ ಒಂಬತ್ತು, 24ರ ಒಳಗಿದ್ದರೆ ಎಂಟು. ಸ್ಪರ್ಧೆಗೆಂದೇ ತಯಾರಾದ ಪಿಸ್ತೂಲನ್ನು, ಅದು ಹಳೆಯದೇ ಆಗಿರಲಿ, ಕ್ಲ್ಯಾಂಪಿಗೆ ಬಿಗಿದು ಒಳ್ಳೆಯ ಪೆಲೆಟ್ ಹಾಕಿ ಹೊಡೆದರೆ ಐದು ಹೊಡೆತವೂ ಹತ್ತಿರಹತ್ತಿರ ಒಂದೇ ತೂತಿನಲ್ಲಿ ಕೂರುತ್ತವೆ. 600ರಲ್ಲಿ ಕಳೆದುಹೋಗುತ್ತಿರುವ ಆ 90 ಅಂಕ ನಳಿಗೆಯಲ್ಲಿಲ್ಲ.

ಮತ್ತೆಲ್ಲಿ? ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಇರುವ ಎರಡು ಸೈಟುಗಳಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ನಡುವೆ ಸುಮಾರು 33 ಸೆಂ.ಮೀ. ಅಂತರವಿದೆ ಎಂದುಕೊಳ್ಳಿ. ಹಿಂದಿನ ಸೈಟಿನ ಕಚ್ಚಿನೊಳಗೆ ಮುಂದಿನ ಸೈಟು ಒಂದೇ ಒಂದು ಮಿ.ಮೀ. ಪಕ್ಕಕ್ಕೆ ವಾಲಿದರೆ ಹತ್ತು ಮೀಟರ್ ಆಚೆ ಪೆಲೆಟ್ 30 ಮಿ.ಮೀ. ಸರಿದಿರುತ್ತದೆ, ಸಿಗುವುದು ಏಳು. ಅರ್ಧ ಮಿ.ಮೀ. ವಾಲಿದರೆ 15 ಮಿ.ಮೀ., ಅಂದರೆ ಒಂಬತ್ತು. ಕಾಲು ಮಿ.ಮೀ. ವಾಲಿದರೂ ಹತ್ತು ಸಿಗುವುದು ಕೂದಲೆಳೆಯಲ್ಲಿ. ಅದೇ, ಎರಡೂ ಸೈಟು ಸರಿಯಾಗಿ ಹೊಂದಿಕೊಂಡಿದ್ದು, ನೀವು ಹಿಡಿದ ಗುರಿ ಕಾರ್ಡಿನ ಮೇಲೆ 5 ಮಿ.ಮೀ. ತೇಲಾಡಿದರೆ ಪೆಲೆಟ್ ಸರಿಯುವುದೂ 5 ಮಿ.ಮೀ. ಅಷ್ಟೆ, ಹತ್ತು ಉಳಿಯುತ್ತದೆ. ಕೈ ನಡುಗುವುದಕ್ಕೆ ಹೆದರಿ ಕಾರ್ಡಿನ ನಡುವಿನ ಕಪ್ಪು ವೃತ್ತವನ್ನೇ ದಿಟ್ಟಿಸುವವರು ಸೈಟನ್ನು ಕಳೆದುಕೊಳ್ಳುತ್ತಾರೆ. ಕಣ್ಣಿಗೆ ಚೂಪಾಗಿ ಕಾಣಬೇಕಾದ್ದು ಮುಂದಿನ ಸೈಟಿನ ಮೇಲಂಚು. ಕಾರ್ಡು ಮಸುಕಾಗಿರಲಿ. ಕಪ್ಪಿನ ಕೆಳಗೆ ಬಿಳಿಯ ಪಟ್ಟಿ ಬಿಟ್ಟು ಗುರಿ ಹಿಡಿಯುವುದೂ ಇದಕ್ಕೇ: ಬಿಳಿ ಹಿನ್ನೆಲೆಯಲ್ಲಿ ಸೈಟಿನ ಅಂಚು ಸ್ಪಷ್ಟವಾಗಿ ಕಾಣುತ್ತದೆ.

ಇನ್ನು 510 ಮತ್ತು 502. ನಿಮ್ಮ ಮಟ್ಟದಲ್ಲಿ ಒಂದೊಂದು ಹೊಡೆತವೂ ಒಂದು ಅಂಕದಷ್ಟು ಆಚೀಚೆ ಆಗುತ್ತಿರುತ್ತದೆ. ಅರವತ್ತನ್ನು ಕೂಡಿದಾಗ ಮೊತ್ತ ಎಂಟು ಅಂಕ ಏರಿಳಿಯುವುದು ಸಹಜ, ತಂತ್ರದಲ್ಲಿ ಏನೂ ಕೆಟ್ಟಿರಬೇಕಾಗಿಲ್ಲ. 502 ಬಂದ ದಿನ ಗ್ರಿಪ್ (ಹಿಡಿಕೆ) ಬದಲಿಸುವುದು, 515 ಬಂದ ದಿನ ಅದನ್ನೇ ಮೆಚ್ಚಿಕೊಳ್ಳುವುದು ಬೇಡ. ಐದಾರು ಪೂರ್ಣ ಸುತ್ತುಗಳ ಸರಾಸರಿ ನೋಡಿ, ಅದು ಕದಲಿದರೆ ಮಾತ್ರ ಕಾರಣ ಹುಡುಕಿ.

ವಾರಕ್ಕೆ ಮೂರ್ನಾಲ್ಕು ದಿನ ಶ್ರದ್ಧೆಯಿಂದ ಅಭ್ಯಾಸ ಮಾಡುವವರು ಮೊದಲ ವರ್ಷದ ಕೊನೆಗೆ 520ರಿಂದ 540ರ ನಡುವೆ ಇದ್ದರೆ ಚೆನ್ನಾಗಿಯೇ ಇದ್ದಾರೆ ಎಂಬುದು ನಮ್ಮ ಅಂದಾಜು. 550ಕ್ಕೆ ಇನ್ನೂ ಒಂದೆರಡು ವರ್ಷ ಬೇಕಾಗಬಹುದು. 560 ದಾಟಲು ಅದಕ್ಕಿಂತ ಹೆಚ್ಚು ತಾಳ್ಮೆ ಬೇಕು, ಎಲ್ಲರಿಗೂ ಅದು ಒದಗುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಮನು ಭಾಕರ್ ಅರ್ಹತಾ ಸುತ್ತಿನಲ್ಲಿ ಹೊಡೆದದ್ದು 580. ಒಂದು ಎಂಟೂ ಇಲ್ಲದೆ ಆ ಮೊತ್ತ ಮಾಡಬೇಕಾದರೂ ಇಪ್ಪತ್ತು ಒಂಬತ್ತುಗಳಿಗೆ ಜಾಗವಿದೆ. ಅಲ್ಲೇ ಪುರುಷರ ವಿಭಾಗದಲ್ಲಿ ಸರಬ್ಜೋತ್ ಸಿಂಗ್ 577 ಹೊಡೆದು, ಅಷ್ಟೇ ಅಂಕ ಗಳಿಸಿದ ಎಂಟನೆಯವರಿಗಿಂತ ಒಳಹತ್ತು (ಹತ್ತರ ವೃತ್ತದೊಳಗಿನ ಇನ್ನೂ ಚಿಕ್ಕ ವೃತ್ತಕ್ಕೆ ಬಿದ್ದ ಹೊಡೆತ) ಒಂದು ಕಡಿಮೆಯಾಗಿ ಒಂಬತ್ತನೆಯವರಾಗಿ ಫೈನಲಿನಿಂದ ಹೊರಗುಳಿದರು. ಒಂಬತ್ತು ಬಿದ್ದರೆ ಕೊರಗಬೇಡಿ. ನಿಮ್ಮ ಮೊತ್ತವನ್ನು ತಿನ್ನುತ್ತಿರುವುದು ಏಳು ಮತ್ತು ಆರುಗಳು, ಅವನ್ನು ಮೊದಲು ನಿಲ್ಲಿಸಿ.

ಪಿಸ್ತೂಲ್ ಕೊಳ್ಳಲು ನ್ಯಾಯವಾದ ಕಾರಣಗಳೂ ಇವೆ. ಕ್ಲಬ್ಬಿನ ಗ್ರಿಪ್ ನಿಮ್ಮ ಅಂಗೈಗೆ ದೊಡ್ಡದಾಗಿದ್ದು ಪ್ರತಿಸಲವೂ ಹಿಡಿತ ಬೇರೆಯಾಗುತ್ತಿದ್ದರೆ, ಹಿಂದಿನ ಸೈಟು ಸಡಿಲವಾಗಿದ್ದರೆ, ಡ್ರೈ ಫೈರ್ (ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ) ಸೌಲಭ್ಯ ಇಲ್ಲದಿದ್ದರೆ ಕೊಳ್ಳಿ. ಸರಿಯಾದ ಅಳತೆಯ ಗ್ರಿಪ್ ಸಿಕ್ಕರೆ ಅದೊಂದನ್ನೇ ಹಾಕಿಸಿ ನೋಡಬಹುದು, ಖರ್ಚು ಬಹಳ ಕಡಿಮೆ.

ಪ್ರಶ್ನೆ: ನಾನು ಬಲಗೈಯವಳು. ಹೊಡೆತಗಳೆಲ್ಲ ಎಡಕ್ಕೆ, ಕೆಳಕ್ಕೆ ಬೀಳುತ್ತವೆ. ಸೈಟ್ ತಿರುಗಿಸಲೇ?
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಹತ್ತು ಹೊಡೆತಗಳ ಗ್ರೂಪ್ (ತೂತುಗಳ ಗುಂಪು) ಅಳೆಯಿರಿ, ಮೂರು ಹೊಡೆತ ನೋಡಿ ತೀರ್ಮಾನಿಸಬೇಡಿ. ಹತ್ತೂ ಸುಮಾರು 30 ಮಿ.ಮೀ. ವ್ಯಾಸದೊಳಗೆ ಒತ್ತಾಗಿದ್ದರೆ ಸೈಟ್ ತಿರುಗಿಸಿ. ಪೆಲೆಟ್ ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಬೇಕು: ನಿಮಗೆ ಬಲಕ್ಕೆ ಮತ್ತು ಮೇಲಕ್ಕೆ. ಕೆಲವು ಹತ್ತರಲ್ಲಿದ್ದು ಉಳಿದವು ಬಾಲದ ಹಾಗೆ ಎಡಗೆಳಕ್ಕೆ ಇಳಿದಿದ್ದರೆ ಸೈಟು ಮುಟ್ಟಬೇಡಿ. ಆಗ ತಪ್ಪು ಬೆರಳಿನದು.

ಬಲಗೈಯವರಲ್ಲಿ ಇದು ಅತಿ ಸಾಮಾನ್ಯ. ಸೈಟು ಸರಿಯಾಗಿ ಕಂಡ ಕ್ಷಣವೇ 'ಈಗ' ಎಂದು ಟ್ರಿಗರ್ ಕಿತ್ತೆಳೆಯುತ್ತಾರೆ. ಬೆರಳಿನ ಜೊತೆ ಇಡೀ ಅಂಗೈ ಮುದುಡಿ ನಳಿಗೆಯ ತುದಿ ಬಗ್ಗುತ್ತದೆ. ಟ್ರಿಗರ್ ಮೇಲೆ ಬೆರಳ ಮೊದಲ ಗಿಣ್ಣಿನ ಮೆತ್ತನೆ ಭಾಗ ಇರಲಿ, ಒತ್ತಡ ನೇರ ಹಿಂದಕ್ಕೆ ಬರಲಿ. ಕೈ ಕೆಳಗಿಳಿದು ಗುರಿಯ ಜಾಗಕ್ಕೆ ಬರುವಷ್ಟರಲ್ಲಿ ಟ್ರಿಗರಿನ ಮೊದಲ ಹಂತ ಮುಗಿದಿರಬೇಕು. ಉಳಿದದ್ದನ್ನು ನಿಧಾನವಾಗಿ ಏರಿಸುತ್ತ ಹೋದರೆ ಐದರಿಂದ ಎಂಟು ಸೆಕೆಂಡಿನಲ್ಲಿ ಹೊಡೆತ ತಾನಾಗಿ ಬಿಡುಗಡೆಯಾಗುತ್ತದೆ. ಹತ್ತು ಸೆಕೆಂಡ್ ದಾಟಿತೇ? ಕೈ ಇಳಿಸಿ, ಉಸಿರೆಳೆದು ಮತ್ತೆ ಎತ್ತಿ. 60 ಹೊಡೆತಕ್ಕೆ 75 ನಿಮಿಷವಿದೆ, ಅವಸರವಿಲ್ಲ.

ಟ್ರಿಗರಿನ ತೂಕವನ್ನೂ, ಅಂದರೆ ಅದನ್ನು ಎಳೆಯಲು ಬೇಕಾದ ಬಲವನ್ನೂ, ಪರೀಕ್ಷಿಸಿ. ನಿಯಮದ ಪ್ರಕಾರ 500 ಗ್ರಾಂಗಿಂತ ಕಡಿಮೆ ಇರಬಾರದು. 510–520ಕ್ಕೆ ಇಟ್ಟರೆ ತಪಾಸಣೆಯಲ್ಲಿ ಸಿಕ್ಕಿಬೀಳುವ ಭಯವಿಲ್ಲ. 700 ಗ್ರಾಂ ಇದ್ದರೆ ಅದೇ ನಿಮ್ಮ ಬೆರಳನ್ನು ಕೆಡಿಸುತ್ತಿರಬಹುದು.

ಪ್ರಶ್ನೆ: ರೇಂಜ್ ದೂರ. ಮನೆಯಲ್ಲಿ ಐದು ಮೀಟರ್ ಜಾಗವಿದೆ. ಉಪಯೋಗವಿದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಖಂಡಿತ ಇದೆ. ಕಾರ್ಡನ್ನು ಅರ್ಧ ಅಳತೆಗೆ ಮುದ್ರಿಸಿಕೊಳ್ಳಿ: 59.5 ಮಿ.ಮೀ.ನ ಕಪ್ಪು ಸುಮಾರು 30 ಮಿ.ಮೀ. ಆಗಬೇಕು. ಆದರೆ ಪೆಲೆಟ್ಟಿಗಿಂತ ಡ್ರೈ ಫೈರ್ ಹೆಚ್ಚು ಕಲಿಸುತ್ತದೆ. ಪೆಲೆಟ್ ಹಾಕಿಲ್ಲವೆಂದು ಎರಡು ಸಲ ನೋಡಿ, ಬರಿಯ ಬಿಳಿ ಗೋಡೆಗೆ ಹಿಡಿದು, ಟ್ರಿಗರ್ ಬಿಟ್ಟ ಮೇಲೂ ಮುಂದಿನ ಸೈಟು ಕದಲದೆ ನಿಲ್ಲುತ್ತದೆಯೇ ಎಂದಷ್ಟೇ ಗಮನಿಸಿ. ದಿನಕ್ಕೆ 15–20 ನಿಮಿಷ ಸಾಕು, ತೋಳು ಸೋತ ಮೇಲೆ ಮಾಡಿದ್ದು ಕೆಟ್ಟ ಅಭ್ಯಾಸವಾಗಿ ಉಳಿಯುತ್ತದೆ. ಸ್ಪ್ರಿಂಗ್ ಪಿಸ್ತೂಲಿನಲ್ಲಿ ಪೆಲೆಟ್ ಇಲ್ಲದೆ ಹೊಡೆಯಲೇಬೇಡಿ; ಒಳಗಿನ ಪಿಸ್ಟನ್ ತಡೆಯಿಲ್ಲದೆ ಬಡಿದು ಸೀಲ್ ಹಾಳಾಗುತ್ತದೆ.

ಪೆಲೆಟ್ ಹೊಡೆಯುವುದಾದರೆ ಕಾರ್ಡಿನ ಹಿಂದೆ ಹಳೆಬಟ್ಟೆ ಬಿಗಿಯಾಗಿ ತುರುಕಿದ ಪೆಟ್ಟಿಗೆ, ಅದರ ಬೆನ್ನಿಗೆ ಕಬ್ಬಿಣದ ಹಾಳೆ ಇರಲಿ. ಗಟ್ಟಿ ಮರಕ್ಕೆ ಹೊಡೆದರೆ ಪೆಲೆಟ್ ವಾಪಸ್ ಚಿಮ್ಮಬಹುದು, ಕನ್ನಡಕ ಕಡ್ಡಾಯ. ಆ ಗೋಡೆಯಲ್ಲಾಗಲಿ ಪಕ್ಕದಲ್ಲಾಗಲಿ ಜನ ಬರುವ ಬಾಗಿಲು ಇರಕೂಡದು. ಪೆಲೆಟ್ ಸೀಸದ್ದು, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನನ್ನೂ ತಿನ್ನಬೇಡಿ.