ಟಿಕ್ ಸದ್ದಿಗೆ ಕೇಬಲ್ಲನ್ನು ಬೈಯಬೇಡಿ

ಪ್ರಶ್ನೆ: ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಭಾವಗೀತೆ, ಭಜನೆಗಳನ್ನು ರೆಕಾರ್ಡ್ ಮಾಡುತ್ತೇನೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಇಂಟರ್‌ಫೇಸಿನಲ್ಲಿ ಎರಡೇ ಮೈಕ್ ಇನ್‌ಪುಟ್ ಇದ್ದುದರಿಂದ ಮೈಕಿನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ, ಎಂಟು ಮೈಕ್‌ಗಳ ಪ್ರೀಆಂಪ್ ತಂದು ಆಪ್ಟಿಕಲ್ ಕೇಬಲ್ಲಿನಿಂದ ಜೋಡಿಸಿದೆ. ಅಂದಿನಿಂದ ಸಣ್ಣ ಟಿಕ್ ಸದ್ದು ಬರುತ್ತಿದೆ. ಕೇಬಲ್ ಎರಡು ಸಲ ಬದಲಿಸಿದೆ, ಬಫರ್ (ಕಂಪ್ಯೂಟರ್ ಸದ್ದನ್ನು ತುಸು ಕೂಡಿಟ್ಟುಕೊಳ್ಳುವ ಜಾಗ) ಹೆಚ್ಚಿಸಿದೆ, ಹೋಗಲಿಲ್ಲ. ಪ್ರೀಆಂಪನ್ನು ಅಂಗಡಿಗೆ ವಾಪಸ್ ಕೊಡಲೇ?
– ಓದುಗರು, ಧಾರವಾಡ

ಉತ್ತರ: ಕೊಡಬೇಡಿ. ಬದಲಿಗೆ ಇನ್ನೊಂದನ್ನು ತಂದರೂ ಅದೇ ಸದ್ದು ಬರುತ್ತದೆ. ನಿಮ್ಮ ಮೇಜಿನ ಮೇಲೆ ಈಗ ಎರಡು ಕ್ಲಾಕ್‌ಗಳಿವೆ, ಎರಡೂ ತಾವೇ ಯಜಮಾನರೆಂದು ತಿಳಿದಿವೆ.

ಮೈಕಿನ ಸದ್ದನ್ನು ಅಂಕಿಗಳಾಗಿ ಮಾಡುವ ಪ್ರತಿ ಪೆಟ್ಟಿಗೆಯೊಳಗೂ ಮಿಡಿತ ಎಣಿಸುವ ಒಂದು ಕ್ವಾರ್ಟ್ಜ್ ಹರಳು ಇರುತ್ತದೆ, ಅದೇ ಕ್ಲಾಕ್. 48 ಕಿಲೋಹರ್ಟ್ಜ್ ಎಂದರೆ ಆ ಹರಳಿನ ಲೆಕ್ಕದಲ್ಲಿ ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಷ್ಟು ಅಳತೆಗಳು. ಎರಡೂ ಪೆಟ್ಟಿಗೆಗಳು 48 ಎಂದೇ ತೋರಿಸಿದರೂ ಎರಡು ಹರಳುಗಳು ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತವೆ. ಆ ಅಂತರ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟಿದ್ದರೂ ಸಾಕು, ಸೆಕೆಂಡಿಗೆ ಸುಮಾರು ಒಂದು ಸ್ಯಾಂಪಲ್ ಹೆಚ್ಚು ಇಲ್ಲವೇ ಕಡಿಮೆ ಬೀಳುತ್ತದೆ. ಮನೆ ಕಟ್ಟುವಲ್ಲಿ ನೋಡಿರುತ್ತೀರಿ: ಕೆಳಗಿನವನು ಇಟ್ಟಿಗೆ ಎಸೆಯುತ್ತಾನೆ, ಮೇಲಿನವನು ಹಿಡಿಯುತ್ತಾನೆ. ಕೆಳಗಿನವನ ಕೈ ತುಸು ಚುರುಕಾದರೆ ಆಗೊಮ್ಮೆ ಈಗೊಮ್ಮೆ ಒಂದು ಇಟ್ಟಿಗೆ ನೆಲಕ್ಕೆ ಬೀಳುತ್ತದೆ. ಆ ಇಟ್ಟಿಗೆಯ ಸದ್ದೇ ನಿಮ್ಮ ಟಿಕ್.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಇಂಟರ್‌ಫೇಸಿಗೇ ನೇರವಾಗಿ ಸಿಕ್ಕಿಸಿದ ಮೈಕ್ ಶುದ್ಧವಾಗಿದ್ದು, ಪ್ರೀಆಂಪಿನಿಂದ ಬಂದ ಟ್ರ್ಯಾಕ್‌ಗಳಲ್ಲಿ ಮಾತ್ರ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಟಿಕ್ ಬರುತ್ತಿದ್ದರೆ ಅದು ಕ್ಲಾಕಿನ ಜಗಳ. ಕಂಪ್ಯೂಟರ್ ಏದುಸಿರು ಬಿಡುವಾಗ ಅಡ್ಡಾದಿಡ್ಡಿಯಾಗಿ ಎಲ್ಲ ಟ್ರ್ಯಾಕ್‌ಗಳಲ್ಲೂ ಬಂದರೆ ಬಫರನ್ನು ಅನುಮಾನಿಸಬಹುದು.

ಮದ್ದಿಗೆ ಒಂದು ಪೈಸೆಯೂ ಬೇಡ. ನೀವು ಎಳೆದಿರುವ ಒಂದೇ ಕೇಬಲ್ ಪ್ರೀಆಂಪಿನಿಂದ ಇಂಟರ್‌ಫೇಸಿನ ಕಡೆಗೆ ಬರುತ್ತದೆ. ಅದರೊಳಗೆ ಸದ್ದಿನ ಜೊತೆಗೆ ಕ್ಲಾಕ್ ಕೂಡ ಬರುತ್ತದೆ. ಹಾಗಾಗಿ ಪ್ರೀಆಂಪನ್ನು ‘ಇಂಟರ್ನಲ್’ (ತನ್ನದೇ ಹರಳು) ಎಂದು ಬಿಡಿ, ಇಂಟರ್‌ಫೇಸಿನ ಸಾಫ್ಟ್‌ವೇರಿನಲ್ಲಿ ಕ್ಲಾಕ್ ಸೋರ್ಸನ್ನು ‘ಏಡ್ಯಾಟ್’ (ಈ ಆಪ್ಟಿಕಲ್ ಸಂಪರ್ಕದ ಹೆಸರು) ಅಥವಾ ‘ಆಪ್ಟಿಕಲ್’ ಎಂದು ಬದಲಿಸಿ. ಕ್ಲಾಕ್ ಹೊಂದಿಕೊಂಡಿತೆಂದು ತೋರಿಸುವ ಲಾಕ್ ದೀಪ ಮಿನುಗದೆ ನಿಂತರೆ ಮುಗಿಯಿತು. ಪ್ರೀಆಂಪಿಗೆ ವರ್ಡ್ ಕ್ಲಾಕ್ (ಕ್ಲಾಕನ್ನು ಮಾತ್ರ ಸಾಗಿಸುವ ಸಂಪರ್ಕ) ಇನ್ ಅಥವಾ ಆಪ್ಟಿಕಲ್ ಇನ್ ಇದ್ದು, ಇಂಟರ್‌ಫೇಸಿಗೆ ಅಂಥದೇ ಔಟ್ ಇದ್ದರೆ ನಾನು ಉಲ್ಟಾ ಮಾಡುತ್ತೇನೆ: ಇಂಟರ್‌ಫೇಸೇ ಯಜಮಾನ, ಪ್ರೀಆಂಪ್ ಹಿಂಬಾಲಕ. ಪ್ರೀಆಂಪನ್ನು ಆಫ್ ಮಾಡಿದ ದಿನ ಇಡೀ ಸ್ಟುಡಿಯೋ ಮಂಕಾಗುವುದು ತಪ್ಪುತ್ತದೆ.

ಇಲ್ಲೊಂದು ಹಳ್ಳವಿದೆ. ಪ್ರೀಆಂಪಿನ ಸ್ವಿಚ್ 44.1ರಲ್ಲಿ ಉಳಿದು, ನಿಮ್ಮ ಸೆಷನ್ 48 ಎಂದು ತೆರೆದಿದ್ದರೆ, ಕೆಲವು ಸಾಫ್ಟ್‌ವೇರ್‌ಗಳು ಎಚ್ಚರಿಸುತ್ತವೆ, ಕೆಲವು ಸುಮ್ಮನಿರುತ್ತವೆ. ಸುಮ್ಮನಿದ್ದರೆ ಮೊದಲೇ 48ರಲ್ಲಿ ಮಾಡಿಟ್ಟ ಮೂರು ನಿಮಿಷದ ಟ್ರ್ಯಾಕ್ ಸುಮಾರು 16 ಸೆಕೆಂಡು ಹಿಗ್ಗುತ್ತದೆ, ಶ್ರುತಿ ಒಂದೂವರೆ ಸ್ವರಸ್ಥಾನದಷ್ಟು ಜಾರುತ್ತದೆ. ಬಿಳಿ ಒಂದರಲ್ಲಿ ಹಾಡುವವರು ಬಿಳಿ ಏಳಕ್ಕೂ ಕಪ್ಪು ಐದಕ್ಕೂ ನಡುವೆ, ಯಾವ ಹಾರ್ಮೋನಿಯಮ್ಮಿನಲ್ಲೂ ಇಲ್ಲದ ಜಾಗದಲ್ಲಿ ಹಾಡಬೇಕಾಗುತ್ತದೆ. ಆಗ ಗಾಯಕರು ತಮ್ಮ ಗಂಟಲನ್ನೇ ಅನುಮಾನಿಸುತ್ತಾರೆ, ಪಾಪ.

ಸದ್ದು ಹೋಯಿತೇ ಎಂದು ತಿಳಿಯಲು ತಂಬೂರಿಯನ್ನು ಮಾತ್ರ ಐದು ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ವರ್ಷಗಳ ಹಿಂದೆ ಒಂದು ಇಡೀ ಮಧ್ಯಾಹ್ನ ಮೃದಂಗ, ಘಟ ಸೇರಿದ ಕಚೇರಿಯೊಂದನ್ನು ಹಿಡಿದೆ. ಟಿಕ್‌ಗಳೆಲ್ಲ ಚಾಪಿನ ಪೆಟ್ಟುಗಳ ಅಡಿಯಲ್ಲಿ ಮುಚ್ಚಿಹೋಗಿದ್ದವು. ರಾತ್ರಿ ಆಲಾಪನೆಯ ಭಾಗ ಕೇಳುವಾಗ ಒಂದೊಂದೇ ಎದ್ದು ಬಂದವು. ಕಲಾವಿದರು ಆ ಹೊತ್ತಿಗೆ ರೈಲಿನಲ್ಲಿದ್ದರು.

ಪ್ರಶ್ನೆ: 96 ಕಿಲೋಹರ್ಟ್ಜ್‌ಗೆ ಏರಿಸಿದೊಡನೆ ಏಡ್ಯಾಟ್‌ನಿಂದ ಜೋಡಿಸಿದ ಪ್ರೀಆಂಪಿನ ಕೊನೆಯ ನಾಲ್ಕು ಮೈಕ್‌ಗಳು ಮಾಯವಾಗುತ್ತವೆ. ಕೆಟ್ಟಿದೆಯೇ?
– ಓದುಗರು, ಉಡುಪಿ

ಉತ್ತರ: ಇಲ್ಲ. ಏಡ್ಯಾಟ್ ಎಂಬುದು ಅಲೆಸಿಸ್ ಕಂಪನಿ 1990ರ ದಶಕದ ಆರಂಭದಲ್ಲಿ ತಂದ ಎಂಟು ಟ್ರ್ಯಾಕಿನ ಟೇಪ್ ಯಂತ್ರದ ಹೆಸರು. ಅದಕ್ಕೆಂದು ಮಾಡಿದ ಆಪ್ಟಿಕಲ್ ದಾರಿ ಯಂತ್ರ ಮೂಲೆ ಸೇರಿದ ಮೇಲೂ ಉಳಿದಿದೆ. ಅದರಲ್ಲಿ 48ರವರೆಗೆ ಎಂಟು ಚಾನೆಲ್ ಹಿಡಿಯುತ್ತವೆ. 96ರಲ್ಲಿ ಒಂದು ಚಾನೆಲ್ಲಿಗೆ ಎರಡು ಚಾನೆಲ್ಲಿನ ಜಾಗ ಬೇಕು, ಆದ್ದರಿಂದ ನಾಲ್ಕೇ. ಎರಡೂ ಕಡೆ ಎರಡೆರಡು ಆಪ್ಟಿಕಲ್ ಕಿಂಡಿಗಳಿದ್ದರೆ ಇನ್ನೊಂದು ಕೇಬಲ್ ಹಾಕಿ. ಇಲ್ಲದಿದ್ದರೆ 48ರಲ್ಲೇ ಇರಿ. ನಾಲ್ಕು ಮೈಕ್ ಕಳೆದುಕೊಂಡು 96 ಗಳಿಸುವುದು ನನ್ನ ಲೆಕ್ಕದಲ್ಲಿ ನಷ್ಟದ ವ್ಯಾಪಾರ.

ಪ್ರಶ್ನೆ: ಪ್ರತ್ಯೇಕ ಮಾಸ್ಟರ್ ಕ್ಲಾಕ್ ಕೊಂಡರೆ ಸದ್ದಿನ ಗುಣಮಟ್ಟ ಹೆಚ್ಚುತ್ತದೆಯೇ? ಎಲ್ಲರೂ ಹಾಗೆ ಹೇಳುತ್ತಾರೆ.
– ಓದುಗರು, ಬೆಂಗಳೂರು

ಉತ್ತರ: ಮಾರುವವರೂ ಹಾಗೆಯೇ ಹೇಳುತ್ತಾರೆ. ಚೆನ್ನಾಗಿ ಮಾಡಿದ ಕನ್ವರ್ಟರಿನಲ್ಲಿ (ಸದ್ದನ್ನು ಅಂಕಿಗಳಾಗಿ ಮಾಡುವ ಪೆಟ್ಟಿಗೆಯಲ್ಲಿ) ಹರಳು ಚಿಪ್‌ನ ಪಕ್ಕದಲ್ಲೇ ಕುಳಿತಿರುತ್ತದೆ. ಹೊರಗಿನ ಕ್ಲಾಕ್ ಮೀಟರುಗಟ್ಟಲೆ ಕೇಬಲ್ ದಾಟಿ ಬರಬೇಕು, ಪೆಟ್ಟಿಗೆಯೊಳಗಿನ ಸರ್ಕ್ಯೂಟು ಅದನ್ನು ಬೆನ್ನಟ್ಟಿ ಹಿಡಿಯಬೇಕು. ಹೀಗಾಗಿ ಸಾಮಾನ್ಯವಾಗಿ ಜಿಟ್ಟರ್, ಅಂದರೆ ಮಿಡಿತದ ನಡುಕ, ತನ್ನದೇ ಹರಳಿನಲ್ಲಿ ನಡೆಯುವಾಗಲೇ ಕಡಿಮೆ. ಐದಾರು ಡಿಜಿಟಲ್ ಪೆಟ್ಟಿಗೆಗಳು, ಮೇಲೆ ವೀಡಿಯೋ ಯಂತ್ರಗಳು ಇರುವಲ್ಲಿ ಮಾಸ್ಟರ್ ಕ್ಲಾಕ್ ಬೇಕೇ ಬೇಕು. ಅದು ಎಲ್ಲರನ್ನೂ ಹೆಜ್ಜೆಗೂಡಿಸುತ್ತದೆ. ಎರಡು ಪೆಟ್ಟಿಗೆಗಳ ಸ್ಟುಡಿಯೋದಲ್ಲಿ ಅದೇ ಹಣಕ್ಕೆ ಒಳ್ಳೆಯ ಮೈಕ್ ಕೊಳ್ಳಿ, ಗೋಡೆಗೆ ರಾಕ್‌ವೂಲ್ ಹಾಕಿಸಿ.

ವರ್ಡ್ ಕ್ಲಾಕ್ ಎಳೆಯುವುದೇ ಆದರೆ 75 ಓಮ್‌ನ ಬಿಎನ್‌ಸಿ (ತಿರುಗಿಸಿ ಬಿಗಿಯುವ ದುಂಡು ಪ್ಲಗ್ಗಿನ) ಕೇಬಲ್ ಬಳಸಿ. ಟಿ ಕನೆಕ್ಟರಿನಿಂದ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಾಗಿಸುವಾಗ ಕೊನೆಯದಕ್ಕೆ ಮಾತ್ರ 75 ಓಮ್ ಟರ್ಮಿನೇಟರ್ (ತುದಿಯ ತಡೆ) ಇರಲಿ. ಕೆಲವು ಪೆಟ್ಟಿಗೆಗಳಲ್ಲಿ ಅದು ಒಳಗೇ ಇರುತ್ತದೆ, ಹಿಂಬದಿಯ ಸಣ್ಣ ಸ್ವಿಚ್ ನೋಡಿ. ಎರಡು ಕಡೆ ಹಾಕಿದರೆ ಸಿಗ್ನಲ್ ಬಡವಾಗುತ್ತದೆ, ಎಲ್ಲೂ ಹಾಕದಿದ್ದರೆ ಅಲೆ ತುದಿಗೆ ಬಡಿದು ಹಿಂದಿರುಗುತ್ತದೆ.

ಪ್ರಶ್ನೆ: ಡಿಜಿಟಲ್ ಸದ್ದನ್ನು ಸಾಗಿಸುವ ಎಇಎಸ್ ಸಂಪರ್ಕಕ್ಕೆ ಮೈಕ್ ಕೇಬಲ್ ಸಾಲದೇ? ಪ್ಲಗ್ ಒಂದೇ ಅಲ್ಲವೇ?
– ಓದುಗರು, ಮೈಸೂರು

ಉತ್ತರ: ಪ್ಲಗ್ ಒಂದೇ, ತಂತಿ ಬೇರೆ. ಎಇಎಸ್‌ಗೆ 110 ಓಮ್‌ನ ಕೇಬಲ್ ಬೇಕು. ಒಂದೆರಡು ಮೀಟರಿಗೆ ಮೈಕ್ ಕೇಬಲ್ ಹೇಗೋ ನಡೆಯುತ್ತದೆ, ನಾನೂ ನಡೆಸಿದ್ದೇನೆ. ಕೋಣೆಯಿಂದ ಕೋಣೆಗೆ ಎಳೆಯುವುದಾದರೆ ಸರಿಯಾದದ್ದನ್ನೇ ತನ್ನಿ, ಮತ್ತು ಎರಡೂ ತುದಿಗೆ ಬಣ್ಣದ ಟೇಪ್ ಸುತ್ತಿಡಿ. ಇಲ್ಲದಿದ್ದರೆ ಮುಂದಿನ ಕಾರ್ಯಕ್ರಮಕ್ಕೆ ಯಾರಾದರೂ ಅದನ್ನು ಮೈಕಿಗೆಂದು ಎತ್ತಿಕೊಂಡು ಹೋಗಿರುತ್ತಾರೆ.